ಲೆಕ್ಕದ ಪುಸ್ತಕ ಯಾವ ಭಾಷೆಯಲ್ಲಿದೆ?

(ಗಡಿನಾಡಿನ ದುಡಿಯುವ ಕುಟುಂಬಗಳ ಮೇ ದಿನದ ಕೂಟದಲ್ಲಿ ನಮ್ಮ ಬಳಗದ ಪರವಾಗಿ ಆಡಿದ ಮಾತುಗಳು. ಕೂಟಕ್ಕೆ ಬರಲಾಗದವರು ಕೇಳಿದ್ದರಿಂದ ಇಲ್ಲಿ ಹಾಕುತ್ತಿದ್ದೇವೆ. ಮಾತಿನ ಧಾಟಿಯನ್ನು ಹೆಚ್ಚು ಬದಲಾಯಿಸಿಲ್ಲ.)

ಮೇ ದಿನದ ವೇದಿಕೆಯಲ್ಲಿ ನಿಂತು ಮಾತಾಡಿ ನಮಗೆ ಅಭ್ಯಾಸ ಇಲ್ಲ. ನಮ್ಮನ್ನು ನೀವು ಬೇರೆ ಕಡೆ ನೋಡಿರುತ್ತೀರಿ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದಾಗ ಶಾಲೆಯ ಗೇಟಿನ ಮುಂದೆ ಕೂತವರು ನಾವು. ಬಸ್ಸಿನ ಬೋರ್ಡಿನಲ್ಲಿ ಕನ್ನಡ ಹೋಯಿತು ಅಂತ ಮನವಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದವರು ನಾವು. ನವೆಂಬರ್ 1 ಬಂದರೆ ನಮಗೆ ಎಲ್ಲರೂ ಮೈಕು ಕೊಡುತ್ತಾರೆ. ಮೇ 1ಕ್ಕೆ ಯಾರೂ ಕರೆದದ್ದಿಲ್ಲ. ನಾವಾಗಿ ಬಂದದ್ದೂ ಇಲ್ಲ. ಇದು ಬೇರೆಯವರ ತಪ್ಪು ಅಂತ ಹೇಳುವ ಮೊದಲು ನಮ್ಮ ತಪ್ಪು ಅಂತ ಒಪ್ಪಿಕೊಂಡೇ ಮಾತು ಶುರು ಮಾಡುತ್ತೇವೆ.

ಒಂದು ಪ್ರಶ್ನೆ ಕೇಳುತ್ತೇವೆ, ದಯವಿಟ್ಟು ಕೈ ಎತ್ತಿ. ಯಾರ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು? ಅಮ್ಮ, ಅಜ್ಜಿ, ಅಕ್ಕ, ಅತ್ತಿಗೆ, ಯಾರಾದರೂ ಸರಿ. ನೋಡಿ, ಮುಕ್ಕಾಲು ಸಭೆ ಕೈ ಎತ್ತಿತು. ಈಗ ಇನ್ನೊಂದು ಪ್ರಶ್ನೆ. ಅವರಿಗೆ ಬಂದ ಲೆಕ್ಕದ ಪುಸ್ತಕವನ್ನು, ಪಿಎಫ್ ಕಾಗದವನ್ನು ಕೂತು ಪೂರ್ತಿ ಓದಿದವರು ಯಾರು? ಎಷ್ಟು ಕೈ ಉಳಿಯಿತು ಅಂತ ನೀವೇ ನೋಡಿ. ಇವತ್ತಿನ ನಮ್ಮ ಮಾತೆಲ್ಲ ಈ ಎರಡು ಪ್ರಶ್ನೆಗಳ ನಡುವೆ ಇಳಿದು ಹೋದ ಕೈಗಳ ಬಗ್ಗೆ.

ಬೀಡಿ ಕಟ್ಟುವ ಕೆಲಸ ಗೊತ್ತಿಲ್ಲದ ಎಳೆಯರು ಇಲ್ಲಿ ಇದ್ದಾರೆ. ಅವರಿಗಾಗಿ ಎರಡು ಮಾತು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತೂಗಿ ಕೊಡುತ್ತಾರೆ. ಎಲೆಯನ್ನು ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸಬೇಕು. ತಡ್ಪೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಚಿಟಿಕೆ ಸೊಪ್ಪು ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯಬೇಕು. 25 ಬೀಡಿಗೆ ಒಂದು ಕಟ್ಟು. 40 ಕಟ್ಟು ಆದರೆ ಸಾವಿರ. ಅನ್ನಕ್ಕೆ ನೀರು ಇಟ್ಟು ಬಂದು ನಾಲ್ಕು ಬೀಡಿ, ಮಗುವಿಗೆ ಹಾಲು ಕೊಟ್ಟು ಬಂದು ನಾಲ್ಕು ಬೀಡಿ, ರಾತ್ರಿ ಊಟ ಆದ ಮೇಲೆ ದೀಪದ ಕೆಳಗೆ ಉಳಿದದ್ದು. ಶಾಲೆಯಿಂದ ಬಂದ ಹೆಣ್ಣು ಮಕ್ಕಳು ತುದಿ ಮಡಚಲು ಕೂರುವುದು. ನಮ್ಮಲ್ಲಿ ಅನೇಕರ ಫೀಸು, ಪುಸ್ತಕ, ಕೊಡೆ, ಮದುವೆಯ ಸೀರೆ ಬಂದದ್ದು ಆ ತಡ್ಪೆಯಿಂದ.

ಮರುದಿನ ಬ್ರಾಂಚಿಗೆ ಹೋದರೆ ಅಲ್ಲಿ ಇನ್ನೊಂದು ಲೆಕ್ಕ. ಕೆಲವು ಕಟ್ಟು ತೆಗೆದು ಪಕ್ಕಕ್ಕೆ ಎಸೆಯುತ್ತಾರೆ. ಸರಿ ಇಲ್ಲ, ಚಾಟು. ಅದಕ್ಕೆ ಕೂಲಿ ಇಲ್ಲ. ಎಲೆ ಕಡಿಮೆ ಬಿದ್ದರೆ ಕೈಯಿಂದ ದುಡ್ಡು ಹಾಕಿ ಎಲೆ ತಂದು ಸಾವಿರ ತುಂಬಿಸಬೇಕು. ಅದು ಯಾವ ಪುಸ್ತಕದಲ್ಲೂ ಇಲ್ಲ. ಬರೆಯುವವರು ಬರೆದದ್ದೇ ಲೆಕ್ಕ, ಕಟ್ಟಿದವಳು ಹೇಳಿದ್ದಕ್ಕೆ ಬೆಲೆ ಇಲ್ಲ.

ನಮ್ಮ ಬಳಗದ ಒಬ್ಬರ ಮನೆಯ ಕತೆ ಹೇಳುತ್ತೇವೆ. ಹೆಸರು ಬೇಡ. ನಾವೆಲ್ಲ ಅವರನ್ನು ದೊಡ್ಡಮ್ಮ ಅಂತ ಕರೆಯುವುದು. ಮದುವೆಯಾಗಿ ಬಂದ ವರ್ಷವೇ ಬೀಡಿಗೆ ಕೂತವರು. ಬೆನ್ನು ನೋವು, ಕೆಮ್ಮು ಜಾಸ್ತಿಯಾಗಿ ಬಿಡುವ ಹೊತ್ತಿಗೆ ಮೂವತ್ತು ವರ್ಷ ದಾಟಿತ್ತು. ಪಿಂಚಣಿ ಸಿಗಬಹುದು ಅಂತ ಕಾಗದ ಹಿಡಿದುಕೊಂಡು ಹೋದರು. ಕಾಗದದಲ್ಲಿ ಇದ್ದದ್ದು ಎಂಟು ವರ್ಷದ ದುಡಿಮೆ. ಉಳಿದ ವರ್ಷಗಳ ಬೀಡಿ ಬೇರೆ ಹೆಂಗಸರ ಪುಸ್ತಕದಲ್ಲಿ ಹತ್ತಿತ್ತು. ಒಂದು ಪುಸ್ತಕದಲ್ಲಿ ಮೂವರ ದುಡಿಮೆ ತೋರಿಸಿದರೆ ಇಬ್ಬರಿಗೆ ಪಿಎಫ್ ಕಟ್ಟುವುದು ತಪ್ಪುತ್ತದೆ ನೋಡಿ. 1995ರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿ ಬರಬೇಕಾದರೆ ಹತ್ತು ವರ್ಷದ ಸೇವೆ ಇರಬೇಕು. ಮೂವತ್ತು ವರ್ಷ ಕಟ್ಟಿದವರಿಗೆ ಕಾಗದದಲ್ಲಿ ಎರಡು ವರ್ಷ ಕಡಿಮೆ ಬಿತ್ತು. ಒಂದಿಷ್ಟು ಹಣ ಒಟ್ಟಿಗೆ ಕೊಟ್ಟು ಕಳಿಸಿದರು. ತಿಂಗಳು ತಿಂಗಳು ಬರಬೇಕಾದದ್ದು ಬರಲಿಲ್ಲ.

ಆಮೇಲೆ ನಮಗೆ ಗೊತ್ತಾದದ್ದು ಇನ್ನೂ ನೋವಿನ ಸಂಗತಿ. ಹೆಸರು ಸೇರದವರು ಇದ್ದರೆ ಇಂಥ ದಿನದೊಳಗೆ ತಿಳಿಸಬೇಕು ಅಂತ ಒಂದು ನೋಟೀಸು ಆ ಬ್ರಾಂಚಿನ ಗೋಡೆಯಲ್ಲಿ ಬಹಳ ದಿನ ತೂಗುತ್ತಿತ್ತಂತೆ. ದೊಡ್ಡಮ್ಮ ದಿನಾ ಅದರ ಕೆಳಗೇ ಕೂತು ಸರದಿ ಕಾಯುತ್ತಿದ್ದರು. ಅದು ಮಲಯಾಳದಲ್ಲಿತ್ತು. ದೊಡ್ಡಮ್ಮ ಓದು ಬಾರದವರಲ್ಲ. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವರು, ಈಗಲೂ ಕನ್ನಡಕ ಹಾಕಿಕೊಂಡು ಪೇಪರು ಓದುತ್ತಾರೆ. ಓದುವವರು ಇದ್ದರು, ಅವರು ಓದುವ ಅಕ್ಷರ ಗೋಡೆಯಲ್ಲಿ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಬಳಗದವರಿಗೆಲ್ಲ ಖುಷಿ. ನೋಡಿ, ಮಲಯಾಳ ಹೇರಿದ್ದರಿಂದ ಹೀಗಾಯಿತು ಅಂತ ಒಂದು ಪೋಸ್ಟ್ ಹಾಕಬಹುದು, ಸಾವಿರ ಜನ ಹಂಚಿಕೊಳ್ಳುತ್ತಾರೆ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಆ ಬ್ರಾಂಚಿನವರು ನಮ್ಮವರೇ. ದೊಡ್ಡಮ್ಮನ ಹತ್ತಿರ ತುಳು ಮಾತಾಡುತ್ತಿದ್ದರು, ಕನ್ನಡ ಮಾತಾಡುತ್ತಿದ್ದರು. ಹಬ್ಬಕ್ಕೆ ಮನೆಗೆ ಬಂದು ಹೋಗುವಷ್ಟು ಪರಿಚಯ. ನೋಟೀಸಿನಲ್ಲಿ ಏನುಂಟು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. "ಅದು ಎಂತದ್ದೂ ಇಲ್ಲ ಅಕ್ಕ, ಆಫೀಸಿನ ಕಾಗದ" ಅಂತ ಹೇಳಿದರು. ಬರೆದದ್ದು ಮಲಯಾಳದಲ್ಲಿ ಸರಿ, ಆದರೆ ಮುಚ್ಚಿಟ್ಟದ್ದು ನಮ್ಮ ಭಾಷೆಯಲ್ಲೇ.

ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ಗಡಿನಾಡಿನ ದುಡಿಯುವವರ ಬಗ್ಗೆ ಮಾತಾಡಲು ಬರುವುದಿಲ್ಲ. ನಾವು ಇವತ್ತು ಹೇಳಬೇಕು ಅಂತ ಬಂದದ್ದು ಇಷ್ಟೇ. ನಮ್ಮ ಭಾಷೆಯವರು ಅನ್ನುವ ಕಾರಣಕ್ಕೆ ಯಾರೂ ನ್ಯಾಯದ ಕೂಲಿ ಕೊಡುವುದಿಲ್ಲ. ಹಾಗೆಯೇ ನಮ್ಮ ಭಾಷೆಯಲ್ಲಿ ಬಾರದ ಹಕ್ಕು ನಮ್ಮ ಹೆಂಗಸರ ಕೈಗೆ ತಲುಪುವುದಿಲ್ಲ.

ಇದು ನಮ್ಮ ತಲೆಯಿಂದ ಹುಟ್ಟಿದ ಮಾತಲ್ಲ, ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ಸ್ವಲ್ಪ ಹಿಂದಕ್ಕೆ ಹೋಗೋಣ.

1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು. ಕೆಲಸದ ಹೊತ್ತು, ವಾರದ ರಜೆ, ಸಂಬಳದ ರಜೆ, ಹೆರಿಗೆ ಸೌಲಭ್ಯ, ಮನಸ್ಸಿಗೆ ಬಂದಂತೆ ಬೀಡಿ ತಿರಸ್ಕರಿಸುವುದಕ್ಕೆ ಕಡಿವಾಣ, ಎಲ್ಲ ಅದರಲ್ಲಿತ್ತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಅಂತ ಕಾಯಿದೆ ಒಪ್ಪಿತು. ಕೇರಳದಲ್ಲಿ ಆಗ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರ. ಅವರು ಕಾಯಿದೆಯನ್ನು ಜಾರಿ ಮಾಡಲು ಹೊರಟರು. ಆಗ ಏನಾಯಿತು? ಮಲಬಾರಿನಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರಿನ ದೊಡ್ಡ ಕಂಪನಿಗಳು ಬಾಗಿಲು ಹಾಕಿ ಗಡಿ ದಾಟಿ ಹೋದವು. ಕಾಯಿದೆ ಪಾಲಿಸುವುದಕ್ಕಿಂತ ಊರು ಬಿಡುವುದು ಅವರಿಗೆ ಲಾಭ ಅನ್ನಿಸಿತು. ಸುಮಾರು 12,000 ಮಂದಿಗೆ 1968ರಲ್ಲಿ ಕೆಲಸ ಹೋಯಿತು.

ಕಂಪನಿಯವರು ಯಾವ ಕಡೆಯವರು? ನಮ್ಮ ಕಡೆಯವರು. ಕನ್ನಡ ನಾಡಿನವರು. ಕೆಲಸ ಕಳೆದುಕೊಂಡವರು ಹೆಚ್ಚಾಗಿ ಮಲಯಾಳ ಮಾತಾಡುವವರು. ಅವರು ಆಗ "ಕರ್ನಾಟಕದವರು ಮೋಸ ಮಾಡಿದರು" ಅಂತ ಕಲ್ಲು ಹಿಡಿದುಕೊಂಡು ಗಡಿಗೆ ಬರಬಹುದಿತ್ತು. ಅವರು ಅದನ್ನು ಮಾಡಲಿಲ್ಲ. ಸಹಕಾರಿ ಸಂಘ ಕಟ್ಟಿದರು.

1969ರ ಫೆಬ್ರವರಿಯಲ್ಲಿ ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಹುಟ್ಟಿತು. ಒಂದು ಶೇರಿಗೆ 20 ರೂಪಾಯಿ. ಕೆಲಸ ಇಲ್ಲದವರ ಕೈಯಲ್ಲಿ ಅಷ್ಟೂ ದುಡ್ಡು ಎಲ್ಲಿಂದ ಬರಬೇಕು? ಅದಕ್ಕೆ ಸರ್ಕಾರದ ಸಾಲ ಸಿಕ್ಕಿತು. ಮೊದಲು ಕೆಲಸ ಸಿಕ್ಕಿದ್ದು ಸುಮಾರು ಮೂರು ಸಾವಿರ ಮಂದಿಗೆ. ಊರೂರಿಗೆ ಪ್ರಾಥಮಿಕ ಸಂಘ, ಕಣ್ಣೂರಿನಲ್ಲಿ ಕೇಂದ್ರ ಸಂಘ. ಕೇಂದ್ರ ಸಂಘ ಎಲೆ, ಸೊಪ್ಪು ಕೊಂಡು ಕೊಡುವುದು, ಮಾರಾಟ ನೋಡಿಕೊಳ್ಳುವುದು. ಪ್ರಾಥಮಿಕ ಸಂಘದ ಆಡಳಿತಕ್ಕೆ ಬೀಡಿ ಕಟ್ಟುವವರೇ ತಮ್ಮಲ್ಲಿಂದ ಆರಿಸಿದವರು. ಇಂದಿನ ಕಾಸರಗೋಡು ಜಿಲ್ಲೆಯ ಭಾಗಗಳಲ್ಲೂ ಆ ಸಂಘಗಳು ಎದ್ದವು. ನಂತರದ ವರ್ಷಗಳಲ್ಲಿ ಸದಸ್ಯರ ಸಂಖ್ಯೆ ಮೂವತ್ತು ಸಾವಿರ ದಾಟಿತು.

ಅಲ್ಲಿ ಒಂದು ದೊಡ್ಡ ವ್ಯತ್ಯಾಸ ಇತ್ತು, ಅದನ್ನು ಗಮನಿಸಿ. ಅವರು ಮನೆಯಲ್ಲಿ ಕೂತು ಕಟ್ಟುತ್ತಿರಲಿಲ್ಲ. ಸಾಲಾಗಿ ಕೂರುವ ಕೆಲಸದ ಮನೆ ಇತ್ತು. ಅಲ್ಲಿ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಪೇಪರು ಓದುವುದು, ಕಾದಂಬರಿ ಓದುವುದು. ಓದಿದವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ತುಂಬಿಸುವುದು. ಇದು ಸಹಕಾರಿ ಸಂಘಕ್ಕೂ ಮೊದಲೇ ಮಲಬಾರಿನ ಬೀಡಿ ಕೆಲಸದವರಲ್ಲಿ ಇದ್ದ ಪದ್ಧತಿ. ಕೈಗೆ ಬೀಡಿ, ಕಿವಿಗೆ ಸುದ್ದಿ. ಹೀಗೆ ಕೇಳಿ ಕೇಳಿ ಬೆಳೆದವರಿಗೆ ಕಾಯಿದೆ ಅಂದರೆ ಏನು, ಲೆಕ್ಕ ಅಂದರೆ ಏನು ಅಂತ ಯಾರೂ ಬೇರೆ ಹೇಳಿಕೊಡಬೇಕಾಗಿರಲಿಲ್ಲ. ಕಂಪನಿ ಬಿಟ್ಟು ಹೋದಾಗ ಸಂಘ ಕಟ್ಟುವ ಧೈರ್ಯ ಬಂದದ್ದು ಆ ಓದಿನಿಂದಲೂ ಹೌದು.

ಆದರೆ ಆ ಓದು ಮಲಯಾಳದಲ್ಲಿತ್ತು. ಚಂದ್ರಗಿರಿ ಹೊಳೆಯ ಉತ್ತರಕ್ಕೆ, ನಮ್ಮ ಕುಂಬಳೆ, ಮಂಜೇಶ್ವರ, ಪೈವಳಿಕೆ ಕಡೆಯ ಮನೆಗಳಲ್ಲಿ ಹೆಂಗಸರು ಒಬ್ಬೊಬ್ಬರೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದರು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ. ಅಕ್ಷರ ಅಂತ ಕಲಿತದ್ದು ಕನ್ನಡ. ಕಾರ್ಮಿಕ ಸಂಘದವರು ಬಂದರು, ಇಲ್ಲ ಅಂತ ಹೇಳುವುದಿಲ್ಲ. ಬಿಸಿಲಲ್ಲಿ ಮನೆ ಮನೆ ತಿರುಗಿದವರಿದ್ದಾರೆ, ಅವರಲ್ಲಿ ಕನ್ನಡದಲ್ಲೇ ಮಾತಾಡಿದವರೂ ಇದ್ದಾರೆ, ಅವರಿಗೆ ನಾವು ಋಣಿಗಳು. ಆದರೆ ಅವರ ಕೈಯಲ್ಲಿದ್ದ ಕರಪತ್ರ ಎಷ್ಟೋ ಸಲ ಮಲಯಾಳದ್ದು. ಕರಪತ್ರ ಒಲೆ ಹಚ್ಚುವುದಕ್ಕೆ ಹೋಯಿತು. ಇನ್ನು ನಾವು? ಕನ್ನಡದ ಹೆಸರು ಹೇಳುವ ನಮ್ಮಂಥವರು ಅದೇ ಮನೆಗೆ ಹೋದದ್ದು ರಾಜ್ಯೋತ್ಸವದ ರಶೀದಿ ಪುಸ್ತಕ ಹಿಡಿದುಕೊಂಡು. ಹತ್ತು ರೂಪಾಯಿ ಕೇಳಿದೆವು, ತೆಗೆದುಕೊಂಡೆವು, ಬಂದೆವು. ಅಮ್ಮಾ, ನಿಮ್ಮ ಪುಸ್ತಕ ತೋರಿಸಿ, ಓದಿ ಹೇಳುತ್ತೇವೆ ಅಂತ ಒಬ್ಬರೂ ಕೇಳಲಿಲ್ಲ.

ಕೇಳಬೇಕಿತ್ತು. ಯಾಕೆಂದರೆ ನಮ್ಮದೇ ಸಾಹಿತ್ಯದಲ್ಲಿ ಇದಕ್ಕೆ ಮೇಲ್ಪಂಕ್ತಿ ಉಂಟು. ಇದೇ ಜಿಲ್ಲೆಯ ಕಯ್ಯೂರಿನಲ್ಲಿ 1941ರಲ್ಲಿ ಜಮೀನ್ದಾರಿಕೆಯ ವಿರುದ್ಧ ರೈತರು ಎದ್ದರು. ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ರೈತರು ಮಲಯಾಳ ಮಾತಾಡುವವರು. ಅವರ ಕತೆಯನ್ನು ಕಾದಂಬರಿ ಮಾಡಿ ಲೋಕಕ್ಕೆ ಹೇಳಿದವರು ಕನ್ನಡದ ನಿರಂಜನ. "ಚಿರಸ್ಮರಣೆ" ಮೊದಲು ಬಂದದ್ದು ಕನ್ನಡದಲ್ಲಿ, ಆಮೇಲೆ ಅದು ಮಲಯಾಳಕ್ಕೆ ಹೋಯಿತು. ಗೇಣಿ ಅಳೆಯುವವರ ಮೋಸ ಎರಡೂ ಭಾಷೆಯವರಿಗೆ ಅರ್ಥವಾಗುತ್ತದೆ ಅಂತ ನಿರಂಜನರಿಗೆ ಗೊತ್ತಿತ್ತು. ನಾವು ಅವರ ಹೆಸರಲ್ಲಿ ಭಾಷಣ ಮಾಡಿದೆವು, ಅವರು ನಡೆದ ದಾರಿಯಲ್ಲಿ ನಡೆಯಲಿಲ್ಲ.

ಇದು ಬರೀ ಕಾಸರಗೋಡಿನ ಕತೆ ಅಂತ ಭಾವಿಸಬೇಡಿ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಗೆಳೆಯರು ಇಷ್ಟು ದೂರದಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರ ಊರಲ್ಲೂ ಸಾವಿರಾರು ಹೆಂಗಸರು ಬೀಡಿ ಕಟ್ಟುತ್ತಾರೆ. ಗಿರಣಿಗಳ ಊರು ಅದು. 1930ರ ಮೇ ತಿಂಗಳಲ್ಲಿ ಬ್ರಿಟಿಷರು ಅಲ್ಲಿ ಮಾರ್ಷಲ್ ಲಾ ಹಾಕಿದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಈ ನಾಲ್ವರನ್ನು ಯರವಾಡದಲ್ಲಿ ಗಲ್ಲಿಗೇರಿಸಿದರು. ನಾಲ್ಕು ಹೆಸರು ಕೇಳಿದರೇ ಆ ಊರು ಎಂಥದ್ದು ಅಂತ ಗೊತ್ತಾಗುತ್ತದೆ. ಅಲ್ಲಿ ಬೀಡಿ ಕಟ್ಟುವವರಲ್ಲಿ ಬಹುಪಾಲು ತೆಲುಗು ಮನೆಮಾತಿನವರು. ಜತೆಗೆ ಕನ್ನಡದವರು, ಮರಾಠಿಯವರು, ಉರ್ದುವಿನವರು. ಎಲ್ಲರದ್ದೂ ಒಂದೇ ಚಾಟು, ಒಂದೇ ಕೂಲಿ, ಒಂದೇ ಬಾಡಿಗೆ ಕೋಣೆ.

ಆ ಹೆಂಗಸರು ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಮೆರವಣಿಗೆ, ಧರಣಿ ಮಾಡಿ ಮನೆ ಕೇಳಿದರು. ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಕಾರ್ಮಿಕರು, ಮೂವರೂ ಪಾಲು ಹಾಕಿ ಸೊಲ್ಲಾಪುರದ ಹೊರಗೆ ಕುಂಭಾರಿಯಲ್ಲಿ 10,000 ಮನೆ ಎದ್ದವು. ವಾರ್ಲಿ ಆದಿವಾಸಿಗಳ ಹೋರಾಟ ಕಟ್ಟಿದ ಗೋದಾವರಿ ಪರುಳೇಕರ್ ಅವರ ಹೆಸರು ಆ ವಸತಿ ಸಂಘಕ್ಕೆ. 2006ರಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗ್ ಬಂದು ಕೀಲಿ ಕೊಟ್ಟರು. ಅದೇ ಹಾದಿಯಲ್ಲಿ ಮುಂದೆ ರೇ ನಗರ ಅಂತ ಅಸಂಘಟಿತ ಕಾರ್ಮಿಕರಿಗೆ 30,000 ಮನೆಗಳ ಯೋಜನೆ ಬಂತು. ಅದರಲ್ಲಿ 15,000 ಮನೆಗಳನ್ನು 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಹಸ್ತಾಂತರಿಸಿದರು. ಪಕ್ಷ ಬೇರೆ, ಸರ್ಕಾರ ಬೇರೆ, ಕೇಳಿದವರು ಮಾತ್ರ ಅವರೇ. ಬಿಡದೆ ಕೇಳಿದರು, ಒಟ್ಟಿಗೆ ಕೇಳಿದರು.

ಕಾಯಿದೆಯೂ ಹಾಗೇ. ಯಾವುದೂ ಸುಮ್ಮನೆ ಬಂದದ್ದಲ್ಲ. 1966ರ ಕಾಯಿದೆಯನ್ನು ಮಾಲೀಕರು ಸುಪ್ರೀಂ ಕೋರ್ಟಿಗೆ ಎಳೆದರು. 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿ ಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಪಿಎಫ್ ಅನ್ವಯವಾಯಿತು. ಮನೆಯಲ್ಲಿ ಕಟ್ಟುವವರು ನಮ್ಮ ಕಾರ್ಮಿಕರಲ್ಲ ಅಂತ ಮಾಲೀಕರು ಮತ್ತೆ ವಾದ ಮಾಡಿದರು. ಅವರಿಗೂ ಪಿಎಫ್ ಸಲ್ಲಬೇಕು ಅಂತ 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ನಮ್ಮ ದೊಡ್ಡಮ್ಮನ ಹಕ್ಕು ದೇಶದ ದೊಡ್ಡ ಕೋರ್ಟಿನಲ್ಲಿ ಗೆದ್ದು ಬಂದಿತ್ತು. ದಿಲ್ಲಿಯಿಂದ ಬ್ರಾಂಚಿನ ಗೋಡೆ ತನಕ ಬಂದಿತ್ತು. ಗೋಡೆಯಿಂದ ಅವರು ಕೂತಿದ್ದ ಬೆಂಚಿಗೆ ನಾಲ್ಕು ಅಡಿ. ಆ ನಾಲ್ಕು ಅಡಿ ದಾಟಲಿಲ್ಲ.

ಆ ನಾಲ್ಕು ಅಡಿಯೇ ನಮ್ಮ ಕೆಲಸ. ಬೇರೆ ಯಾರದ್ದೂ ಅಲ್ಲ, ಭಾಷೆಯ ಹೆಸರು ಹೇಳುವ ನಮ್ಮದು.

ಇದಕ್ಕೆ ಆಧಾರ ಇಲ್ಲವೇ? ಉಂಟು. ಯಾವುದೇ ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದ 1969ರ ರಾಜಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರನ್ನು ಹೆಸರಿಸಿಯೇ ಹಕ್ಕು ಕೊಟ್ಟಿದೆ. ನಾವು ಸರ್ಕಾರದ ಜತೆ ನಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ನಮ್ಮ ಭಾಷೆಯಲ್ಲಿ ಬರಬೇಕು. ತಮಾಷೆ ನೋಡಿ, ದಿನೇಶ್ ಬೀಡಿ ಹುಟ್ಟಿದ್ದೂ 1969, ಈ ಕಾಯಿದೆ ಬಂದದ್ದೂ 1969. ಒಂದೇ ವರ್ಷ ಹುಟ್ಟಿದ ಎರಡು ಹಕ್ಕುಗಳು. ಒಂದನ್ನು ಕಾರ್ಮಿಕ ಸಂಘದವರು ಹಿಡಿದುಕೊಂಡರು, ಇನ್ನೊಂದನ್ನು ನಾವು ಹಿಡಿದುಕೊಂಡೆವು. ಎರಡನ್ನೂ ಒಂದೇ ಕೈಯಲ್ಲಿ ಹಿಡಿದವರು ಇಲ್ಲ. ನಾವು ಈ ಕಾಯಿದೆಯನ್ನು ಬಳಸಿದ್ದು ಶಾಲೆಗೆ, ಬೋರ್ಡಿಗೆ, ಪರೀಕ್ಷೆಯ ಪ್ರಶ್ನೆಪತ್ರಿಕೆಗೆ. ಅದು ಬೇಕಾದದ್ದೇ, ಬಿಡಬೇಕು ಅಂತ ಹೇಳುವುದಿಲ್ಲ. ಆದರೆ ಕಾರ್ಮಿಕ ಕಚೇರಿಯ ಕಾಗದಕ್ಕೆ ಇದನ್ನು ಎಷ್ಟು ಸಲ ಬಳಸಿದ್ದೇವೆ? ಲೆಕ್ಕ ಹಾಕಲು ಕೂತರೆ ನಮಗೇ ನಾಚಿಕೆಯಾಗುತ್ತದೆ.

ಕೆಲವರು ಕೇಳುತ್ತಾರೆ, ಬೀಡಿ ಸಾಯುತ್ತಿರುವ ಕೆಲಸ, ಈಗ ಅದರ ಬಗ್ಗೆ ಯಾಕೆ ಮಾತು ಅಂತ. ಪ್ರಶ್ನೆ ಸರಿ. ಬೀಡಿ ಉಳಿಯಲಿ ಅಂತ ನಾವು ಹೇಳುತ್ತಿಲ್ಲ. ಸೇದುವವರ ಎದೆಯೂ ಹಾಳು, ಕಟ್ಟುವವರ ಎದೆಯೂ ಹಾಳು. ನಮ್ಮ ಹೆಣ್ಣು ಮಕ್ಕಳು ಮತ್ತೆ ತಡ್ಪೆ ಹಿಡಿಯುವುದು ಬೇಡ. ಆದರೆ ಕೆಲಸ ಸಾಯುವಾಗ ಅದನ್ನು ಮಾಡಿದವರನ್ನೂ ಜತೆಗೆ ಹೂಳಬಾರದು. ದಿನೇಶ್ ಬೀಡಿಯವರಿಗೂ ಇದೇ ಕಷ್ಟ ಬಂತು. ಬೀಡಿಗೆ ಬೇಡಿಕೆ ಇಳಿಯುತ್ತಿದ್ದಂತೆ 1990ರ ದಶಕದ ಕೊನೆಯಿಂದ ಅವರು ತೆಂಗಿನ ಹಾಲು, ಮಸಾಲೆ ಪುಡಿ, ಕೊಡೆ, ಬಟ್ಟೆ, ಕಂಪ್ಯೂಟರ್ ಕೆಲಸಕ್ಕೂ ಕೈ ಹಾಕಿದರು. ಎಲ್ಲ ಮೂವತ್ತು ಸಾವಿರ ಮಂದಿಗೂ ಅದರಲ್ಲಿ ಕೆಲಸ ಸಿಗಲಿಲ್ಲ ನಿಜ, ಬೀಡಿಯವರ ಸಂಖ್ಯೆ ಬಹಳ ಇಳಿಯಿತು. ಆದರೂ ಕೆಲಸ ಹೋದ ಮೇಲೆ ಏನು ಅನ್ನುವ ಪ್ರಶ್ನೆಯನ್ನು ಅವರು ಕೂತು ಮಾತಾಡಿದರು. ನಮ್ಮ ಜಗಲಿಗಳಲ್ಲಿ ಅದನ್ನು ಯಾರು ಮಾತಾಡಿದರು? ಎಲೆ ಬರುವುದು ವಾರಕ್ಕೆ ಆರು ದಿನ ಇದ್ದದ್ದು ನಾಲ್ಕು ದಿನ ಆಯಿತು, ಎರಡು ದಿನ ಆಯಿತು. ಒಂದು ದಿನ ಬ್ರಾಂಚಿಗೆ ಬೀಗ ಬಿತ್ತು. ಅಷ್ಟೇ.

ಇನ್ನೊಂದು ಕಾರಣವೂ ಉಂಟು. ಕಾಯಿದೆಗಳೇ ಈಗ ಬದಲಾಗುತ್ತಿವೆ. ಬೀಡಿಯ ಮೇಲೆ ಹಾಕುತ್ತಿದ್ದ ಸೆಸ್‌ನಿಂದ ಕಾರ್ಮಿಕರ ಕಲ್ಯಾಣ ನಿಧಿಗೆ ಹಣ ಬರುತ್ತಿತ್ತು. ಮಕ್ಕಳ ಸ್ಕಾಲರ್‌ಶಿಪ್, ಆಸ್ಪತ್ರೆ, ಮನೆಯ ಸಹಾಯ ಅದರಿಂದ ನಡೆಯುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. 1966ರ ಬೀಡಿ ಕಾಯಿದೆಯನ್ನು 2020ರಲ್ಲಿ ಸಂಸತ್ತು ಅಂಗೀಕರಿಸಿದ ಕಾರ್ಮಿಕ ಸಂಹಿತೆಗಳಲ್ಲಿ ಒಂದರೊಳಗೆ ಸೇರಿಸಿದ್ದಾರೆ. ಹೊಸ ಸಂಹಿತೆ ಒಳ್ಳೆಯದೋ ಕೆಟ್ಟದ್ದೋ ಅಂತ ವಾದ ಮಾಡುವವರು ಮಾಡಲಿ. ನಾವು ಕೇಳುವುದು ಅದಕ್ಕೂ ಮೊದಲಿನ ಪ್ರಶ್ನೆ. ಹಳೆಯ ಕಾಯಿದೆಯೇ ನಮ್ಮ ಅಕ್ಷರದಲ್ಲಿ ನಮ್ಮ ಮನೆಗೆ ಬರಲಿಲ್ಲ. ಹೊಸದು ಯಾವ ಭಾಷೆಯಲ್ಲಿ ಬರುತ್ತದೆ? ಈಗ ಎಲ್ಲ ಮೊಬೈಲಿನಲ್ಲಿ, ಆನ್‌ಲೈನಿನಲ್ಲಿ. ಆಧಾರದಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು. ಕನ್ನಡದ ಹೆಸರನ್ನು ಮಲಯಾಳದಲ್ಲಿ ಬರೆದು ಅದನ್ನು ಇಂಗ್ಲಿಷಿಗೆ ಇಳಿಸಿದರೆ ಹೆಸರಿಟ್ಟ ತಾಯಿಗೇ ಗುರುತು ಸಿಗುವುದಿಲ್ಲ. ಒಂದು ಅಕ್ಷರ ತಪ್ಪಿದ್ದಕ್ಕೆ ದುಡ್ಡು ನಿಂತುಹೋದ ಮನೆಗಳು ಈ ಸಭೆಯಲ್ಲೇ ಎಷ್ಟಿವೆ ಅಂತ ಕೇಳುವುದಿಲ್ಲ. ಕೇಳಿದರೆ ಮತ್ತೆ ಎಲ್ಲ ಕೈ ಮೇಲೇಳುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ಬಳಗ ಒಂದು ಸಣ್ಣ ಕೆಲಸ ಶುರು ಮಾಡಿತು. ಭಾನುವಾರ ಮಧ್ಯಾಹ್ನ ಯಾರದ್ದಾದರೂ ಒಂದು ಮನೆಯ ಜಗಲಿ. ಅಕ್ಕಪಕ್ಕದ ಹತ್ತು ಹದಿನೈದು ಹೆಂಗಸರು ತಮ್ಮ ತಮ್ಮ ಕಾಗದದ ಚೀಲ ತರುವುದು. ಬೀಡಿಯವರು ಮಾತ್ರ ಅಲ್ಲ, ಉದ್ಯೋಗ ಖಾತರಿಗೆ ಹೋಗುವವರು, ಗೇರುಬೀಜದ ಕಾರ್ಖಾನೆಗೆ ಹೋಗುವವರು, ಅಂಗಡಿಯಲ್ಲಿ ನಿಲ್ಲುವವರು. ಮಲಯಾಳ, ಇಂಗ್ಲಿಷು ಎರಡೂ ಬರುವ ನಮ್ಮ ಕಾಲೇಜಿನ ಮಕ್ಕಳು ಕೂತು ಒಂದೊಂದೇ ಕಾಗದ ಗಟ್ಟಿಯಾಗಿ ಓದಿ ಕನ್ನಡದಲ್ಲಿ, ತುಳುವಿನಲ್ಲಿ ಹೇಳುವುದು. ಇಷ್ಟೇ. ಭಾಷಣ ಇಲ್ಲ, ಶಾಲು ಇಲ್ಲ, ಫೋಟೋ ಇಲ್ಲ. ಮೊದಲ ದಿನ ಬರುವವರೇ ಇರಲಿಲ್ಲ. "ಮಾನದ ಪ್ರಶ್ನೆ, ದುಡ್ಡಿನ ಕಾಗದ ಎಲ್ಲರೆದುರು ಹೇಗೆ ತೆಗೆಯುವುದು" ಅಂತ. ಮೂರನೇ ವಾರಕ್ಕೆ ದೊಡ್ಡಮ್ಮನೇ ಬಂದು ತಮ್ಮ ಚೀಲ ಬಿಚ್ಚಿದರು. "ನನ್ನದು ಹೋಯಿತು, ನಿಮ್ಮದು ಹೋಗದಿರಲಿ" ಅಂದರು. ಆಮೇಲೆ ಚೀಲಗಳು ತಾವಾಗಿ ಬಿಚ್ಚಿಕೊಂಡವು.

ಒಂದು ಮನೆಯಲ್ಲಿ ಸಿಕ್ಕಿದ್ದು ಹತ್ತು ವರ್ಷ ತುಂಬಿದ್ದರೂ ಪಿಂಚಣಿಗೆ ಅರ್ಜಿಯೇ ಹಾಕದ ಅಕ್ಕ. ಯಾರೂ ಹೇಳಿರಲಿಲ್ಲ ಅವರಿಗೆ. ಅರ್ಜಿ ಬರೆದೆವು, ಜತೆಗೆ ಕನ್ನಡದಲ್ಲಿ ಮನವಿ ಬರೆದೆವು. ಕಚೇರಿಯಲ್ಲಿ ಕನ್ನಡದ ಮನವಿ ನೋಡಿ ಮೊದಲು ಬೇಡ ಅಂದರು. ಕಾಯಿದೆಯ ಪ್ರತಿ ತೋರಿಸಿದ ಮೇಲೆ ತೆಗೆದುಕೊಂಡರು. ಅದಕ್ಕೆ ಸಹಾಯ ಮಾಡಿದವರು ಯಾರು ಗೊತ್ತೇ? ಊರಿನ ಕಾರ್ಮಿಕ ಸಂಘದ ಒಬ್ಬ ಹಿರಿಯರು, ಕನ್ನಡ ಒಂದಕ್ಷರ ಓದಲು ಬಾರದ ಮಲಯಾಳಿ. ಯಾವ ಮೇಜಿಗೆ ಹೋಗಬೇಕು, ಯಾವ ಫಾರಂ, ಯಾರ ಸಹಿ, ಎಲ್ಲ ಅವರಿಗೆ ಬಾಯಿಪಾಠ. ನಮಗೆ ಭಾಷೆಯ ಕಾಯಿದೆ ಗೊತ್ತಿತ್ತು, ಅವರಿಗೆ ಕೂಲಿಯ ಕಾಯಿದೆ ಗೊತ್ತಿತ್ತು. ಎರಡೂ ಸೇರಿದಾಗ ಕೆಲಸ ಆಯಿತು. ಆ ಅಕ್ಕನಿಗೆ ಈಗ ತಿಂಗಳಿಗೆ ಸಾವಿರ ಚಿಲ್ಲರೆ ಬರುತ್ತದೆ. ದೊಡ್ಡ ಮೊತ್ತ ಅಲ್ಲ. ಆದರೆ ಅದು ಯಾರೋ ಕೊಟ್ಟ ದಾನ ಅಲ್ಲ, ಅವರು ಕಟ್ಟಿದ ಬೀಡಿಯ ಲೆಕ್ಕ.

ಹಾಗಾಗಿ ಈ ಕೂಟದ ಮುಂದೆ ನಾಲ್ಕು ಮಾತು ಇಡುತ್ತೇವೆ.

ಒಂದು, ಪ್ರತಿ ಊರಿನಲ್ಲೂ ವಾರಕ್ಕೊಮ್ಮೆ ಕಾಗದ ಓದುವ ಜಗಲಿ ಆಗಲಿ. ಕಾಸರಗೋಡಿನಲ್ಲಿ ಬೀಡಿ, ನೀಲಗಿರಿಯಲ್ಲಿ ಚಹಾ ತೋಟ, ಹೊಸೂರಿನಲ್ಲಿ ಗುತ್ತಿಗೆ ಕೆಲಸ, ಜತ್ತದಲ್ಲಿ ಕಬ್ಬು ಕಡಿಯಲು ಹೋಗುವವರು. ಕೆಲಸ ಬೇರೆ ಇರಬಹುದು, ಓದಲಾಗದ ಕಾಗದ ಎಲ್ಲ ಕಡೆ ಒಂದೇ.

ಎರಡು, ಕಾರ್ಮಿಕ ಸಂಘಗಳ ಮುಂದಾಳುಗಳಲ್ಲಿ ನಮ್ಮ ವಿನಂತಿ. ಗಡಿ ಪಂಚಾಯತುಗಳಲ್ಲಿ ನಿಮ್ಮ ಕರಪತ್ರ, ರಶೀದಿ, ಸಭೆಯ ನಡಾವಳಿ ಕನ್ನಡದಲ್ಲೂ ಇರಲಿ. ಅನುವಾದ ಮಾಡಲು ಜನ ಇಲ್ಲ ಅಂತ ಹೇಳಬೇಡಿ. ನಾವು ಮಾಡಿಕೊಡುತ್ತೇವೆ, ದುಡ್ಡು ಬೇಡ.

ಮೂರು, ಕನ್ನಡ ಸಂಘಗಳಲ್ಲಿ ನಮ್ಮ ವಿನಂತಿ. ಮುಂದಿನ ಮನವಿಯಲ್ಲಿ ಶಾಲೆ, ಬೋರ್ಡುಗಳ ಜತೆ ಇನ್ನೊಂದು ಸಾಲು ಸೇರಿಸಿ. ಕೂಲಿಯ ಲೆಕ್ಕ, ಪಿಎಫ್ ಮತ್ತು ಕಲ್ಯಾಣ ಯೋಜನೆಗಳ ನೋಟೀಸು, ಅರ್ಜಿ ಫಾರಂ ನಮ್ಮ ಭಾಷೆಯಲ್ಲಿ ಬೇಕು ಅಂತ. ಸನ್ಮಾನಕ್ಕೆ ತೆಗೆದಿಡುವ ಹಣದಲ್ಲಿ ಅರ್ಧ ಜೆರಾಕ್ಸಿಗೆ ಇಡಿ.

ನಾಲ್ಕು, ನಮ್ಮವರೇ ಮಾಲೀಕರಾಗಿದ್ದಾಗ, ನಮ್ಮವರೇ ಗುತ್ತಿಗೆದಾರರಾಗಿದ್ದಾಗ ಬಾಯಿ ಕಟ್ಟಿಕೊಂಡು ಕೂರುವುದು ಬೇಡ. ಕನ್ನಡದಲ್ಲಿ ಮೋಸ ಮಾಡಿದರೂ ಅದು ಮೋಸವೇ. ಇದನ್ನು ಹೇಳಿದರೆ ಕನ್ನಡದ ಒಗ್ಗಟ್ಟು ಒಡೆಯುತ್ತದೆ ಅನ್ನುವವರಿದ್ದಾರೆ. ಹೇಳದೆ ಇದ್ದದ್ದರಿಂದಲೇ ದೊಡ್ಡಮ್ಮನಂಥವರು ನಮ್ಮ ಸಭೆಗೆ ಬರುವುದನ್ನು ಬಿಟ್ಟರು ಅಂತ ಅವರಿಗೆ ನೆನಪಿಸಿ.

1956ರ ನವೆಂಬರ್ 1ರಂದು ನಮ್ಮನ್ನು ಕೇಳದೆ ಗೆರೆ ಎಳೆದರು ಅಂತ ನಾವು ವರ್ಷವೂ ನೆನೆಯುತ್ತೇವೆ. ಆ ನೋವು ಸುಳ್ಳಲ್ಲ. ಆದರೆ ಗೆರೆಯ ಆಚೆಗೂ ಈಚೆಗೂ ಸಾವಿರ ಬೀಡಿಗೆ ಬೇಕಾದ ಬೆನ್ನು ನೋವು ಅಷ್ಟೇ. ನಮ್ಮ ಅಮ್ಮಂದಿರು ಕಟ್ಟಿದ ಪ್ರತಿ ಕಟ್ಟಿನಲ್ಲೂ 25 ಇತ್ತು, ಅವರು ಎಣಿಸಿ ಕೊಟ್ಟಿದ್ದರು. ಅದನ್ನು ಸರಿಯಾಗಿ ಬರೆದಿದ್ದಾರೋ ಇಲ್ಲವೋ ಅಂತ ಓದಿ ನೋಡುವುದಷ್ಟೇ ನಾವು ಅವರಿಗೆ ಮಾಡಬೇಕಾದದ್ದು. ಇವತ್ತು ಮನೆಗೆ ಹೋದ ಮೇಲೆ ಕಪಾಟಿನ ಮೇಲಿನ ಆ ಚೀಲ ಇಳಿಸಿ. ಅರ್ಥವಾಗದ ಕಾಗದ ಇದ್ದರೆ ಬರುವ ಭಾನುವಾರ ಜಗಲಿಗೆ ತನ್ನಿ.